ಅಜ್ಜನ ಸೈಕಲ್‌ನಲ್ಲಿ 200 ಕಿಲೋಮೀಟರ್: ಹೊರಡೋ ಮುಂಚೆ ಏನೇನು ನೋಡ್ಕೋಬೇಕು?

ಇವತ್ತಿನ ಮಾತು ಹಳೇ ಸೈಕಲ್ ಬಗ್ಗೆ.

ರೋಣ ತಾಲ್ಲೂಕಿನ ಬೆಳವಣಕಿಯಂಥ ಊರಲ್ಲಿ ಅಜ್ಜ ತುಳಿದ ಕರೀ ಅಟ್ಲಾಸ್, ಹೀರೋ ಅಥವಾ ಹರ್ಕ್ಯುಲಿಸ್ ಇನ್ನೂ ಗೋಡೆಗೆ ಒರಗಿರುತ್ತೆ. ಅಟ್ಲಾಸ್‌ನ ಕೊನೇ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸ್ತು. ಕಾರ್ಖಾನೆ ನಿಂತರೂ ಸೈಕಲ್ ಓಡುತ್ತೆ, ಬಿಡಿಭಾಗ ಈಗಲೂ ಸಿಗುತ್ತೆ.

ಬ್ರೆವೆ ಅಂತ ದೂರದ ಸವಾರಿ ಇದೆ. ರೇಸ್ ಅಲ್ಲ. 200 ಕಿಲೋಮೀಟರನ್ನು 13 ಗಂಟೆ 30 ನಿಮಿಷದೊಳಗೆ ಮುಗಿಸಬೇಕು. ಊಟ, ಪಂಚರ್ ಎಲ್ಲಾ ಸೇರಿ ಗಂಟೆಗೆ ಸುಮಾರು 15 ಕಿಲೋಮೀಟರ್. ಗೇರ್ ಇರಲೇಬೇಕು ಅನ್ನೋ ನಿಯಮ ಇಲ್ಲ. ಅಂದ್ರೆ ಲಕ್ಷ ರೂಪಾಯಿ ಸೈಕಲ್ ಇಲ್ಲದವರಿಗೂ ಬಾಗಿಲು ತೆರೆದಿದೆ.

ಮೊದಲು ಫ್ರೇಮ್. ಬಟ್ಟೆಯಿಂದ ಒರೆಸಿ, ಹ್ಯಾಂಡಲ್ ಕೆಳಗೆ, ಪೆಡಲ್ ಅಚ್ಚಿನ ಸುತ್ತ ಬೆಸುಗೆ ಜಾಗ ನೋಡ್ರಿ. ಬಿರುಕು ಕಂಡರೆ ಅಲ್ಲಿಗೇ ನಿಲ್ಲಿಸಿ. ಮೇಲೆ ಬಣ್ಣ ಹಚ್ಚಿದ್ರೆ ಬಿರುಕು ಹೋಗಲ್ಲ, ಮುಚ್ಚಿಹೋಗುತ್ತೆ ಅಷ್ಟೇ.

ಎರಡನೇದು, ಪೆಡಲ್ ತೋಳನ್ನು ಹಿಡಿದಿರೋ ಕಾಟರ್ ಪಿನ್. ಇದು ಸಡಿಲಾದ್ರೆ ಪ್ರತಿ ಸುತ್ತಿಗೂ ‘ಟಕ್’ ಅನ್ನುತ್ತೆ. ಬರೀ ನಟ್ ಬಿಗಿದ್ರೆ ಸಾಲದು. ತೋಳಿನ ಕೆಳಗೆ ಗಟ್ಟಿ ಆಸರೆ ಕೊಟ್ಟು ಪಿನ್ ಹೊಡೆದು ಕೂರಿಸಬೇಕು, ಆಮೇಲೆ ನಟ್. ಆಸರೆ ಇಲ್ಲದೆ ಹೊಡೆದ್ರೆ ಏಟು ಒಳಗಿನ ಬೇರಿಂಗ್‌ಗೆ ಬೀಳುತ್ತೆ. ಇಪ್ಪತ್ತು ಮೂವತ್ತು ಕಿಲೋಮೀಟರ್ ತುಳಿದು ಮತ್ತೊಮ್ಮೆ ಬಿಗಿಯಿರಿ.

ಮೂರನೇದು ಬ್ರೇಕ್. ಜೀವದ ಪ್ರಶ್ನೆ ಇಲ್ಲಿರೋದು. ಹಳೇ ಸೈಕಲ್‌ನಲ್ಲಿ ಕಡ್ಡಿ ಬ್ರೇಕು, ಉಕ್ಕಿನ ರಿಮ್ಮು. ರಿಮ್ ಒದ್ದೆಯಾದ್ರೆ ರಬ್ಬರ್ ಜಾರುತ್ತೆ, ಸೈಕಲ್ ನಿಲ್ಲೋಕೆ ಒಣ ರಸ್ತೆಗಿಂತ ಎಷ್ಟೋ ಹೆಚ್ಚು ದೂರ ಬೇಕು. ನಾಲ್ಕೂ ರಬ್ಬರ್ ಹೊಸದು ಹಾಕಿಸಿ, ರಿಮ್ ಮೇಲಿನ ಎಣ್ಣೆ, ತುಕ್ಕು ತೆಗೀರಿ. ಮಳೆಯಲ್ಲಿ ಇಳಿಜಾರಿಗೆ ಮುಂಚೆಯೇ ಬ್ರೇಕ್ ಹಿಡಿದು ನೀರು ಒರೆಸಿಕೊಳ್ಳಿ.

ಆಮೇಲೆ ಗಾಲಿ. ಎತ್ತಿ ತಿರುಗಿಸಿ. ಅತ್ತಿತ್ತ ಓಲಾಡಿದ್ರೆ ಸ್ಪೋಕ್ ಕಡ್ಡಿ ಸರಿ ಮಾಡಿಸಿ. ಹಬ್ ಬಿಚ್ಚಿ ಹಳೇ ಗ್ರೀಸ್ ತೊಳೆದು ಹೊಸದು ತುಂಬಿಸಿ. ಟೈರ್ ಪಕ್ಕದಲ್ಲಿ ಸೀಳು ಕಂಡ್ರೆ ಬದಲಾಯಿಸಿ. 28 ಇಂಚು, ಒಂದೂವರೆ ಅಗಲದ್ದು ಅಂತ ಕೇಳಿ.

ಚೈನ್ ಅಳೆಯೋದು ಸುಲಭ. ಹೊಸ ಚೈನ್‌ನ 24 ಕೊಂಡಿ ಸರಿಯಾಗಿ 12 ಇಂಚು. ಅದು ಹನ್ನೆರಡೂ ಎಂಟನೇ ಒಂದು ಇಂಚು ಆಗಿದ್ರೆ ಚೈನ್ ಸವೆದಿದೆ ಅಂತ ಅರ್ಥ.

ಈಗ ಲೆಕ್ಕ ನೋಡ್ರಿ. ಮುಂದೆ 44 ಹಲ್ಲು, ಹಿಂದೆ 18 ಇದ್ರೆ ಒಂದು ಸುತ್ತು ತುಳಿತಕ್ಕೆ ಸೈಕಲ್ ಸುಮಾರು 5.4 ಮೀಟರ್ ಹೋಗುತ್ತೆ. ಹಿಂದೆ 20 ಹಲ್ಲು ಹಾಕಿಸಿದ್ರೆ 4.8 ಮೀಟರ್. ವೇಗ ಸ್ವಲ್ಪ ಕಡಿಮೆ, ಆದ್ರೆ ಎದುರುಗಾಳಿಯಲ್ಲಿ ಮೊಣಕಾಲು ಉಳಿಯುತ್ತೆ. ಗದಗ ಸುತ್ತ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ ಅಲ್ರೀ!

ಎರೆ ಮಣ್ಣಿನ ದಾರಿ ಹಸಿಯಾಗಿದ್ರೆ ಇಳೀಬೇಡಿ. ಕೆಸರು ಮಡ್‌ಗಾರ್ಡ್‌ನಲ್ಲಿ ತುಂಬಿ ಗಾಲಿಯೇ ತಿರುಗಲ್ಲ.

ಮೊದಲು 40, ಆಮೇಲೆ 80 ಕಿಲೋಮೀಟರ್ ತುಳಿದು ನೋಡಿ. ಹೆಲ್ಮೆಟ್, ಹಿಂದೆ ಮುಂದೆ ಲೈಟು, ಪಂಪು, ಎರಡು ಟ್ಯೂಬು ಜೊತೆಗಿರಲಿ. ಡೈನಮೋ ಒಂದನ್ನೇ ನಂಬಬೇಡಿ, ಗಾಲಿ ನಿಂತ್ರೆ ಅದೂ ಆರುತ್ತೆ.

ಗೋಡೆಗೆ ಒರಗಿರೋ ಸೈಕಲ್ ಗುಜರಿಗೆ ಹೋಗೋ ಮುಂಚೆ ಒಮ್ಮೆ ಇಷ್ಟೆಲ್ಲಾ ನೋಡಿ.