ದೊಡ್ಡಸಂಪಿಗೆಯ ಆಯಸ್ಸು

ಮತ್ತಿಗಿರಿಯಿಂದ ದಕ್ಷಿಣಕ್ಕೆ ದೇಂಕಣಿಕೋಟೆ ದಾಟಿದರೆ ಮೇಲಗಿರಿ ಬೆಟ್ಟಗಳು ಎದುರಾಗುತ್ತವೆ. ಆ ಕಾಡು ಅಂಚೆಟ್ಟಿ ಹಾದು ಕಾವೇರಿಗೆ ಇಳಿಯುತ್ತದೆ. ಹೊಳೆಯಾಚೆ ಮಲೆ ಮಹದೇಶ್ವರ ಬೆಟ್ಟ, ಅದರ ಪಡುವಣಕ್ಕೆ ಬಿಳಿಗಿರಿರಂಗನ ಬೆಟ್ಟ. ಆನೆಗಳು ಇಂದಿಗೂ ಓಡಾಡುವ ಈ ಬೆಟ್ಟಸಾಲಿನ ಆ ತುದಿಯಲ್ಲಿ, ಭಾರ್ಗವಿ ಹೊಳೆಯ ದಡದಲ್ಲಿ, ಸೋಲಿಗ ಬುಡಕಟ್ಟಿನವರು ಪೂಜಿಸುವ ಸಂಪಿಗೆ ಮರ, ದೊಡ್ಡಸಂಪಿಗೆ, ನಿಂತಿದೆ.

ಅದರ ವಯಸ್ಸು ಆರುನೂರು ವರ್ಷಕ್ಕೂ ಮೇಲೆಂಬುದು ರೂಢಿಯ ಅಂದಾಜು. ಬುಡದ ಸುತ್ತ ಸಾಲು ಸಾಲು ಲಿಂಗಗಳಿವೆ.

ಜಗತ್ತಿನ ಹಿರಿಯ ಮರಗಳು ಬದುಕುವ ಬಗೆಯೇ ಬೇರೆ. ಕ್ಯಾಲಿಫೋರ್ನಿಯಾದ ವೈಟ್ ಮೌಂಟನ್ಸ್‌ನಲ್ಲಿ, ಸುಮಾರು 3,000 ಮೀಟರ್ ಎತ್ತರದಲ್ಲಿ, ಬ್ರಿಸಲ್‌ಕೋನ್ ಪೈನ್ ಮರಗಳಿವೆ. 1957ರಲ್ಲಿ ವಿಜ್ಞಾನಿ ಎಡ್ಮಂಡ್ ಶುಲ್‌ಮನ್ ಅವುಗಳ ವಾರ್ಷಿಕ ಉಂಗುರಗಳನ್ನು ಎಣಿಸಿದರು. ‘ಮೆಥುಸೆಲಾ’ ಎಂಬ ಮರದ ವಯಸ್ಸು 4,800 ವರ್ಷ ದಾಟುತ್ತದೆ. ಒಳ್ಳೆಯ ಮಣ್ಣಿನಲ್ಲಿ ಬೆಳೆದವುಗಳಿಗಿಂತ ಒಣಗಿದ ಬರಡು ಇಳಿಜಾರಿನವೇ ಹೆಚ್ಚು ಬಾಳಿದ್ದವು. ಚಳಿ, ನೀರಿನ ಬರದಲ್ಲಿ ಮರ ವರ್ಷಕ್ಕೆ ಕೂದಲೆಳೆಯಷ್ಟೇ ದಪ್ಪವಾಗುತ್ತದೆ; ಹಾಗೆ ಬೆಳೆದ ಕಟ್ಟಿಗೆ ಒತ್ತೊತ್ತಾಗಿ, ಅಂಟು ತುಂಬಿ, ಹುಳಕ್ಕೂ ಬೂಷ್ಟಿಗೂ ಬಗ್ಗುವುದಿಲ್ಲ. ಕೆಳಗೆ ಹುಲ್ಲು ವಿರಳ, ಹಾಗಾಗಿ ಬೆಂಕಿ ಹಬ್ಬದು. ತೊಗಟೆಯೆಲ್ಲ ಸತ್ತರೂ ಬೇರಿನಿಂದ ಒಂದು ಕೊಂಬೆಯವರೆಗೆ ಹಸಿ ಪಟ್ಟಿ ಉಳಿದರೆ ಸಾಕು, ಮರ ಶತಮಾನಗಟ್ಟಲೆ ಬದುಕುತ್ತದೆ.

ಸಂಪಿಗೆಗೆ ಈ ಯಾವ ರಕ್ಷಣೆಯೂ ಇಲ್ಲ. ಅದು ಬಡಗಿಗಳು ಬಯಸುವ ಹಗುರ ಮರ. ಸುತ್ತ ಮಳೆ, ಗೆದ್ದಲು, ಅಣಬೆ. ಅದಕ್ಕಿರುವ ಬಲವೆಂದರೆ ಹೊಳೆಯ ನೀರು ಮತ್ತು ಮರಗಳಿಗೆಲ್ಲ ಸಹಜವಾದ ಒಂದು ಗುಣ: ಕಾಂಡದ ಒಳತಿರುಳು ಹೇಗೂ ಸತ್ತ ಭಾಗ, ಜೀವವಿರುವುದು ತೊಗಟೆಯ ಕೆಳಗಿನ ಪದರದಲ್ಲಿ. ಆದ್ದರಿಂದ ಒಡಲು ಪೊಳ್ಳಾದರೂ ಮುದಿಮರ ಚಿಗುರಬಲ್ಲದು.

ಆದರೆ ನೀರೊಂದೇ ಕಾದಿದ್ದರೆ ಹೊಳೆದಂಡೆಗಳಲ್ಲೆಲ್ಲ ಇಂಥ ಮರಗಳಿರಬೇಕಿತ್ತು. ಇದನ್ನು ಕಾದದ್ದು ಸೋಲಿಗರು. ಅವರಿಗೆ ಅದು ದೇವರು, ಕೊಡಲಿ ಅತ್ತ ಸುಳಿಯಲಿಲ್ಲ. ಬೇಸಿಗೆ ಬಲಿಯುವ ಮುನ್ನವೇ ಅವರು ತರಗುಬೆಂಕಿ ಹಾಕುತ್ತಿದ್ದರು. ನೆಲದ ಒಣ ಎಲೆಯಷ್ಟೇ ಉರಿದು, ದೊಡ್ಡ ಕಿಚ್ಚಿಗೆ ಮೇವು ಉಳಿಯುತ್ತಿರಲಿಲ್ಲ. 1974ರಲ್ಲಿ ಈ ಕಾಡು ವನ್ಯಧಾಮವಾದ ಮೇಲೆ ಆ ಪದ್ಧತಿ ನಿಂತಿತು, ಲಂಟಾನ ಕಳೆ ಕಾಡನ್ನು ಮುತ್ತಿತು. ಒಣಗಿದ ಲಂಟಾನ ನೆಲದ ಬೆಂಕಿಯನ್ನು ಕೊಂಬೆಗೇರಿಸುತ್ತದೆ. ಮರವನ್ನು ಪೂಜಿಸುವವರನ್ನು ದೂರವಿಟ್ಟು ಮರವನ್ನು ಉಳಿಸುತ್ತೇವೆಂಬ ಲೆಕ್ಕಾಚಾರ ತಪ್ಪಿತ್ತು.

2011ರ ಜನವರಿಯಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ದೊರೆಯಿತು. ಹುಲಿ ಕಾಡೊಂದರೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು.