ಅಂಗೈಯಗಲದ ಆಸರೆ: ಸಾಹಸ ಬೈಕಿಗೆ ಹೊಸ ಟಯರಿನ ಆಯ್ಕೆ

ಕಳೆದ ಕೆಲವು ವರ್ಷಗಳಿಂದ ಉಡುಪಿ, ಮಣಿಪಾಲದ ರಸ್ತೆಗಳಲ್ಲಿ ಒಂದು ವಿಶಿಷ್ಟ ಬಗೆಯ ಮೋಟಾರು ಸೈಕಲ್ಲುಗಳು ಹೆಚ್ಚಾಗಿ ಕಾಣುತ್ತಿವೆ. ಎತ್ತರದ ನಿಲುವು, 21 ಇಂಚಿನ ದೊಡ್ಡ ಮುಂಚಕ್ರ, ಉದ್ದ ಚಲಿಸುವ ಸಸ್ಪೆನ್ಷನ್. 2016ರಲ್ಲಿ ಮಾರುಕಟ್ಟೆಗೆ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200 ಇಂಥವು. ಡಾಂಬರಿನ ಮೇಲೂ ಮಣ್ಣಿನ ಮೇಲೂ ದೂರ ಪ್ರಯಾಣ ಮಾಡಲೆಂದು ರೂಪಿಸಿದ ಇವನ್ನು ‘ಅಡ್ವೆಂಚರ್ ಟೂರಿಂಗ್’ ಬೈಕುಗಳೆಂದು ಕರೆಯುತ್ತಾರೆ. ಬೈಕಿನೊಂದಿಗೆ ಬಂದ ಟಯರು ಸವೆದಾಗ ಮಾಲೀಕರಿಗೆ ಪ್ರಶ್ನೆ ಎದುರಾಗುತ್ತದೆ: ಮುಂದೆ ಯಾವ ಟಯರು ಹಾಕಿಸಬೇಕು? ಅನೇಕರು ದಪ್ಪ ದಪ್ಪ ಉಬ್ಬುಗಳಿರುವ ಟಯರಿನ ಗತ್ತಿಗೆ ಮರುಳಾಗುತ್ತಾರೆ. ಆದರೆ ಇದು ನೋಟದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಪಿ.ಯು. ತರಗತಿಯ ಭೌತವಿಜ್ಞಾನವೇ ಇದಕ್ಕೆ ಬಹುಮಟ್ಟಿಗೆ ಉತ್ತರ ಕೊಡಬಲ್ಲದು.

ನೆಲಕ್ಕೆ ತಾಗುವುದು ಎಷ್ಟು?

ಬೈಕಿನ ತೂಕ 200 ಕಿಲೋಗ್ರಾಂ, ಸವಾರನ ತೂಕ 75 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಇದರಲ್ಲಿ ಸುಮಾರು 150 ಕಿಲೋಗ್ರಾಂ ಹಿಂಚಕ್ರದ ಮೇಲೆ ಬೀಳುತ್ತದೆ. ಅಂದರೆ ಬಲ ಸುಮಾರು 1470 ನ್ಯೂಟನ್. ಟಯರಿನೊಳಗಿನ ಗಾಳಿಯ ಒತ್ತಡ 32 ಪಿ.ಎಸ್.ಐ., ಅಂದರೆ ಸುಮಾರು 220 ಕಿಲೋಪ್ಯಾಸ್ಕಲ್. ಬಲವನ್ನು ಒತ್ತಡದಿಂದ ಭಾಗಿಸಿದರೆ ಸಿಗುವ ವಿಸ್ತೀರ್ಣ ಸುಮಾರು 67 ಚದರ ಸೆಂಟಿಮೀಟರ್. ಟಯರಿನ ಗೋಡೆಯ ಬಿಗುವಿನಿಂದಾಗಿ ನಿಜವಾದ ಅಳತೆ ತುಸು ವ್ಯತ್ಯಾಸವಾಗಬಹುದು. ಆದರೂ ಹೆಚ್ಚುಕಡಿಮೆ ಒಂದು ಅಂಗೈಯಷ್ಟು ಜಾಗವದು. ಮುಂಚಕ್ರದ್ದೂ ಅಷ್ಟೇ. ವೇಗ ಹೆಚ್ಚಿಸುವುದು, ಬ್ರೇಕು ಹಾಕುವುದು, ತಿರುಗುವುದು ಎಲ್ಲವೂ ಈ ಎರಡು ಅಂಗೈಯಗಲದ ಆಸರೆಯಿಂದಲೇ ನಡೆಯಬೇಕು.

ಉಬ್ಬುಗಳ ಟಯರಿನಲ್ಲಿ ಈ ಜಾಗದ ಅರ್ಧದಷ್ಟು ಬರೀ ಖಾಲಿ. ಎಂದರೆ ಡಾಂಬರಿಗೆ ನಿಜವಾಗಿ ತಾಗುವ ರಬ್ಬರು ಅರ್ಧ ಅಂಗೈಯಷ್ಟು ಮಾತ್ರ!

ರಬ್ಬರಿನ ಘರ್ಷಣೆಯ ವಿಶೇಷ

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬ ಆಕ್ಷೇಪ ಎತ್ತಬಹುದು: “ಘರ್ಷಣೆಯು ಸಂಪರ್ಕ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ ಎಂದು ಪಠ್ಯಪುಸ್ತಕದಲ್ಲಿದೆಯಲ್ಲ?” ಆಕ್ಷೇಪ ಸರಿಯೇ. ಆದರೆ ಆ ನಿಯಮ ಲೋಹ, ಮರದಂತಹ ಗಡಸು ವಸ್ತುಗಳಿಗೆ ಚೆನ್ನಾಗಿ ಹೊಂದುತ್ತದೆ. ರಬ್ಬರಿಗೆ ಪೂರ್ತಿಯಾಗಿ ಹೊಂದುವುದಿಲ್ಲ. ರಬ್ಬರಿನ ಹಿಡಿತಕ್ಕೆ ಎರಡು ಮೂಲಗಳಿವೆ. ಒಂದು, ಅದರ ಅಣುಗಳು ರಸ್ತೆಯ ಮೇಲ್ಮೈಗೆ ಅಂಟಿಕೊಳ್ಳುವುದು. ಇನ್ನೊಂದು, ಜಲ್ಲಿಯ ಏರುತಗ್ಗುಗಳ ಮೇಲೆ ಜಾರುವಾಗ ರಬ್ಬರು ಅದುಮಿ, ಮತ್ತೆ ಅರಳುವಾಗ ಶಕ್ತಿಯ ಒಂದು ಪಾಲು ಉಷ್ಣವಾಗಿ ವ್ಯಯವಾಗುವುದು. ಇದಕ್ಕೆ ಹಿಸ್ಟೆರಿಸಿಸ್ ಎಂದು ಹೆಸರು. ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ ಹೆಚ್ಚಿದಂತೆ ರಬ್ಬರಿನ ಘರ್ಷಣಾ ಗುಣಾಂಕ ಕುಗ್ಗುತ್ತದೆ. ಆದ್ದರಿಂದ ಡಾಂಬರಿನ ಮೇಲೆ ಸಂಪರ್ಕ ಹೆಚ್ಚಿದ್ದಷ್ಟೂ ಅನುಕೂಲ.

ರಸ್ತೆ ಒದ್ದೆಯಾದಾಗ ನೀರಿನ ತೆಳುಪದರ ಅಂಟುವಿಕೆಯನ್ನು ತಡೆಯುತ್ತದೆ. ಆಗ ಉಳಿಯುವ ಆಸರೆ ಮುಖ್ಯವಾಗಿ ಹಿಸ್ಟೆರಿಸಿಸ್. ಟಯರು ಉರುಳುವಾಗ ಅದರ ಪ್ರತಿ ಭಾಗ ಸೆಕೆಂಡಿಗೆ ಕೆಲವೇ ಸಲ ಅದುಮಲ್ಪಡುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸುಮಾರು ಎಂಟು ಸಲ. ಜಲ್ಲಿಯ ಸೂಕ್ಷ್ಮ ಮೊನೆಗಳ ಮೇಲೆ ಜಾರುವಾಗಲಾದರೋ ಅದುಮುವಿಕೆ ಸೆಕೆಂಡಿಗೆ ಸಾವಿರಾರು ಸಲ. ಮೊದಲನೆಯದರಲ್ಲಿ ಶಕ್ತಿನಷ್ಟ ಕಡಿಮೆಯಿದ್ದು, ಎರಡನೆಯದರಲ್ಲಿ ಹೆಚ್ಚಿದ್ದರೆ ಇಂಧನವೂ ಉಳಿಯುತ್ತದೆ, ಹಿಡಿತವೂ ಸಿಗುತ್ತದೆ. ರಬ್ಬರಿಗೆ ಬೆರೆಸುವ ಇಂಗಾಲದ ಮಸಿಯ ಒಂದು ಪಾಲನ್ನು ಸಿಲಿಕಾದಿಂದ ಬದಲಿಸಿದರೆ ಹೀಗಾಗುತ್ತದೆ. 1990ರ ದಶಕದಲ್ಲಿ ಕಾರು ಟಯರುಗಳಲ್ಲಿ ಬಳಕೆಗೆ ಬಂದ ಈ ತಂತ್ರ ಈಗ ಬೈಕಿನ ಟಯರುಗಳಲ್ಲೂ ಇದೆ. ಕಾರ್ಕಳದ ತೋಟಗಳಲ್ಲಿ ತೊಟ್ಟಿಕ್ಕುವ ಹಾಲಿನಂತಹ ರಬ್ಬರು ಟಯರಾಗುವ ಹೊತ್ತಿಗೆ ಗಂಧಕ, ಮಸಿ, ಸಿಲಿಕಾ, ಕೃತಕ ರಬ್ಬರು ಸೇರಿದ ಸಂಕೀರ್ಣ ವಸ್ತುವಾಗಿರುತ್ತದೆ. ಈ ಮಿಶ್ರಣ ಕಣ್ಣಿಗೆ ಕಾಣುವುದಿಲ್ಲ. ಆದರೆ ಮಳೆಯಲ್ಲಿ ನಮ್ಮನ್ನು ಕಾಯುವಲ್ಲಿ ಕಣ್ಣಿಗೆ ಕಾಣುವ ಉಬ್ಬುಗಳಷ್ಟೇ ದೊಡ್ಡ ಪಾಲು ಅದಕ್ಕಿದೆ.

ಹಿಡಿತ ಕಡಿಮೆಯಾದರೆ ಏನಾಗುತ್ತದೆಂದು ಲೆಕ್ಕ ಹಾಕೋಣ. ನಿಲ್ಲಲು ಬೇಕಾಗುವ ದೂರವು ವೇಗದ ವರ್ಗವನ್ನು, ಘರ್ಷಣಾ ಗುಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಇಮ್ಮಡಿಯಿಂದ ಭಾಗಿಸಿದಾಗ ಸಿಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗುಣಾಂಕ 0.8 ಇದ್ದರೆ ಈ ದೂರ ಸುಮಾರು 18 ಮೀಟರ್, 0.5 ಇದ್ದರೆ ಸುಮಾರು 28 ಮೀಟರ್. ವ್ಯತ್ಯಾಸ ಹತ್ತು ಮೀಟರ್, ಹೆಚ್ಚುಕಡಿಮೆ ಒಂದು ಸರ್ವಿಸ್ ಬಸ್ಸಿನ ಉದ್ದ. ಎದುರಿಗೆ ಬಸ್ಸು ನಿಂತಾಗ ಈ ಹತ್ತು ಮೀಟರಿನ ಬೆಲೆ ಏನೆಂದು ವಿವರಿಸಬೇಕಾಗಿಲ್ಲ.

ನೀರಿಗೆ ದಾರಿ

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆಯೇ. ಆಟಿ ತಿಂಗಳಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ 3 ಮಿಲಿಮೀಟರ್ ನೀರು ನಿಂತಿದೆ ಎಂದುಕೊಳ್ಳಿ. 8 ಸೆಂಟಿಮೀಟರ್ ಅಗಲದ ಸಂಪರ್ಕವುಳ್ಳ ಟಯರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುವಾಗ ಪ್ರತಿ ಸೆಕೆಂಡಿಗೆ ಸುಮಾರು 4 ಲೀಟರ್ ನೀರನ್ನು ಪಕ್ಕಕ್ಕೆ ಸರಿಸಬೇಕು. ಟಯರಿನ ಮೇಲಿನ ಕಾಲುವೆಗಳು ಇರುವುದು ಇದಕ್ಕಾಗಿ. ಅವು ಸವೆದರೆ ನೀರು ಹೋಗಲು ದಾರಿಯಿಲ್ಲದೆ ಟಯರನ್ನೇ ಮೇಲೆತ್ತುತ್ತದೆ.

ವಿಮಾನದ ಟಯರುಗಳ ಮೇಲೆ ನಾಸಾ ನಡೆಸಿದ ಪ್ರಯೋಗಗಳಿಂದ ಒಂದು ಸರಳ ಸೂತ್ರ ದೊರೆತಿದೆ. ಒತ್ತಡವನ್ನು ಕಿಲೋಪ್ಯಾಸ್ಕಲಿನಲ್ಲಿ ಬರೆದು, ಅದರ ವರ್ಗಮೂಲವನ್ನು 6.36ರಿಂದ ಗುಣಿಸಿದರೆ ಟಯರು ನೀರಿನ ಮೇಲೆ ತೇಲತೊಡಗುವ ವೇಗ ಗಂಟೆಗೆ ಕಿಲೋಮೀಟರಿನಲ್ಲಿ ಸಿಗುತ್ತದೆ. 200 ಕಿಲೋಪ್ಯಾಸ್ಕಲಿಗೆ ಇದು ಸುಮಾರು 90. ಬೈಕಿನ ಟಯರು ಕಿರಿದಾಗಿ, ದುಂಡಗಿರುವುದರಿಂದ ನೀರನ್ನು ಸೀಳಿಕೊಂಡು ಹೋಗುತ್ತದೆ. ಅದು ತೇಲುವ ವೇಗ ಇನ್ನೂ ಹೆಚ್ಚು. ಆದರೆ ಹಿಡಿತ ಕುಂದತೊಡಗುವುದು ಅದಕ್ಕಿಂತ ಬಹಳ ಮೊದಲೇ ಎಂಬುದನ್ನು ಮರೆಯಬಾರದು. ಈ ಸೂತ್ರದಿಂದ ಇನ್ನೊಂದು ಮಾತೂ ತಿಳಿಯುತ್ತದೆ. ಮಳೆಗಾಲದಲ್ಲಿ ಗಾಳಿ ಕಡಿಮೆ ಮಾಡಿದರೆ ಹಿಡಿತ ಹೆಚ್ಚುತ್ತದೆ ಎಂಬ ನಂಬಿಕೆ ಸರಿಯಲ್ಲ. ಒತ್ತಡ ಇಳಿದರೆ ತೇಲುವ ವೇಗವೂ ಇಳಿಯುತ್ತದೆ.

ಯಾವ ದಾರಿಗೆ ಯಾವ ಟಯರು?

ಸಾಹಸ ಬೈಕಿನ ಟಯರುಗಳನ್ನು 90/10, 80/20, 50/50 ಎಂದು ಗುರುತಿಸುವ ರೂಢಿಯಿದೆ. ಮೊದಲ ಅಂಕಿ ಡಾಂಬರಿನ ಪಾಲು, ಎರಡನೆಯದು ಮಣ್ಣಿನ ಪಾಲು. ಇದಕ್ಕೆ ನಿಗದಿತ ಮಾನಕವಿಲ್ಲ. ತಯಾರಕರ ಅಂದಾಜು ಎಂದೇ ತಿಳಿಯಬೇಕು.

ಮಣ್ಣಿನಲ್ಲಿ ಉಬ್ಬುಗಳು ಕೆಲಸ ಮಾಡುವ ಬಗೆಯೇ ಬೇರೆ. ಅಲ್ಲಿ ಟಯರು ನೆಲಕ್ಕೆ ಅಂಟುವುದಿಲ್ಲ. ಉಬ್ಬುಗಳು ಕೆಸರಿನೊಳಕ್ಕೆ ಹೊಕ್ಕು, ಗುದ್ದಲಿಯಂತೆ ಮಣ್ಣನ್ನು ಹಿಂದಕ್ಕೆ ತಳ್ಳುತ್ತವೆ. ಅವುಗಳ ನಡುವಿನ ಖಾಲಿ ಜಾಗ ಮೆತ್ತಿದ ಕೆಸರು ಉದುರಿಹೋಗಲು ಬೇಕು. ಆದರೆ ಅದೇ ಎತ್ತರದ ಉಬ್ಬು ಡಾಂಬರಿನ ಮೇಲೆ ಬ್ರೇಕು ಹಾಕಿದಾಗ ಬಾಗುತ್ತದೆ, ನಲುಗುತ್ತದೆ, ಬೇಗ ಸವೆಯುತ್ತದೆ.

ಈಗ ನಮ್ಮ ದಾರಿಗಳನ್ನು ನೋಡೋಣ. ಮಣಿಪಾಲದಿಂದ ಉಡುಪಿ, ಅಲ್ಲಿಂದ ಕಾಪು: ಎಲ್ಲವೂ ಡಾಂಬರು, ಕಾಂಕ್ರೀಟು. ಪಡುಕರೆ, ಮಟ್ಟು ಮೂಲಕ ಕಾಪುವಿಗೆ ಸಾಗುವ ಕಡಲ ತಡಿಯ ದಾರಿಯಲ್ಲಿ ಮರಳು ಹಾರಿ ಬಂದು ಬಿದ್ದಿರಬಹುದು. ಗಟ್ಟಿ ನೆಲದ ಮೇಲಿನ ತೆಳುಮರಳಿನಲ್ಲಿ ಯಾವ ಟಯರೂ ಜಾರುತ್ತದೆ. ಅಲ್ಲಿ ಉಪಾಯ ವೇಗ ತಗ್ಗಿಸುವುದೊಂದೇ. ಪರ್ಕಳ, ಹಿರಿಯಡ್ಕ, ಹೆಬ್ರಿ ದಾಟಿ ಆಗುಂಬೆ ಘಾಟಿ. ಕಾರ್ಕಳದಿಂದ ಬಜಗೋಳಿ, ಮಾಳ ಹಾದು ಕುದುರೆಮುಖದ ಕಡೆಯ ಘಟ್ಟ: ಇವೂ ಡಾಂಬರೇ. ಆದರೆ ತಿರುವುಗಳು, ತರಗೆಲೆ, ಮರದ ನೆರಳಿನಲ್ಲಿ ಕಟ್ಟಿದ ಹಾವಸೆ. ಇನ್ನು ತೋಟದ ಮನೆಗೆ ಹೋಗುವ ಮುರಕಲ್ಲಿನ ಮಣ್ಣುದಾರಿ: ಬೇಸಗೆಯಲ್ಲಿ ಗಟ್ಟಿ, ಮಳೆಯಲ್ಲಿ ಜಾರು.

ಈ ದಾರಿಗಳನ್ನು ವಾರವೊಂದರಲ್ಲಿ ಎಷ್ಟೆಷ್ಟು ಕಿಲೋಮೀಟರ್ ಕ್ರಮಿಸುತ್ತೇವೆಂದು ಬರೆದಿಟ್ಟರೆ ಆಯ್ಕೆ ತಾನಾಗಿಯೇ ಸ್ಪಷ್ಟವಾಗುತ್ತದೆ. ಹತ್ತರಲ್ಲಿ ಎಂಟು ಒಂಬತ್ತು ಪಾಲು ಡಾಂಬರಾದರೆ ಆಳವಾದ ಕಾಲುವೆಗಳಿರುವ 90/10 ಅಥವಾ 80/20 ಟಯರು ಸರಿ. ದಿನವೂ ಕೆಸರಿನ ಏರು ಹತ್ತಲೇಬೇಕಾದವರಿಗೆ 50/50 ಸಲ್ಲುತ್ತದೆ. ಆದರೆ ಒದ್ದೆ ಡಾಂಬರಿನಲ್ಲಿ ತಾವು ನಿಧಾನವಾಗಿರಬೇಕೆಂಬ ಅರಿವು ಅವರಿಗಿರಬೇಕು.

ತಿರುವಿನ ಲೆಕ್ಕ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. 20 ಮೀಟರ್ ತ್ರಿಜ್ಯದ ಸಮತಟ್ಟಾದ ತಿರುವಿನಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗಕ್ಕೆ ಬೇಕಾದ ಘರ್ಷಣಾ ಗುಣಾಂಕ 0.63, 30 ಕಿಲೋಮೀಟರಿಗೆ 0.35 ಮಾತ್ರ. ಒದ್ದೆ ರಸ್ತೆ 0.5 ಕೊಡುವುದಾದರೆ ಮೊದಲನೆಯವನು ಬೀಳುತ್ತಾನೆ, ಎರಡನೆಯವನು ದಾಟುತ್ತಾನೆ. ತಿರುವಿನ ನಡುವೆ ಬ್ರೇಕು ಹಾಕಿದರೆ ಇರುವ ಹಿಡಿತವನ್ನೇ ಎರಡು ಕೆಲಸಗಳಿಗೆ ಹಂಚಬೇಕಾಗುತ್ತದೆ ಎಂಬುದೂ ನೆನಪಿರಲಿ.

ಟಯರಿನ ಮೈಮೇಲಿನ ಬರಹ

ಹಿಮಾಲಯನ್ 411ರ ಮುಂದಿನ ಟಯರಿನ ಅಳತೆ 90/90-21, ಹಿಂದಿನದು 120/90-17. ಮೊದಲ ಅಂಕಿ ಮಿಲಿಮೀಟರಿನಲ್ಲಿ ಅಗಲ. ಎರಡನೆಯದು ಅಗಲದ ಶೇಕಡಾ ಎಷ್ಟು ಎತ್ತರ ಎಂಬುದು. ಕೊನೆಯದು ಇಂಚಿನಲ್ಲಿ ರಿಮ್ಮಿನ ವ್ಯಾಸ. ಹೀಗೆ ಹಿಂಚಕ್ರದ ಒಟ್ಟು ವ್ಯಾಸ 432ಕ್ಕೆ 108ರ ಇಮ್ಮಡಿ ಸೇರಿಸಿ 648 ಮಿಲಿಮೀಟರ್. ಅಗಲದ ಟಯರು ಹಾಕಿದರೆ ಹಿಡಿತ ಹೆಚ್ಚೆಂದು ಭಾವಿಸಿ ಅದೇ ರಿಮ್ಮಿಗೆ ಹೆಚ್ಚು ಅಗಲದ್ದನ್ನು ಹಾಕಿಸಿದರೆ ಟಯರು ಹಿಚುಕಿದಂತಾಗಿ ಅದರ ದುಂಡಗಿನ ಆಕಾರ ಕೆಡುತ್ತದೆ. ಚೈನಿಗೆ ತಾಗುವ ಸಂಭವವೂ ಉಂಟು. ಆದ್ದರಿಂದ ತಯಾರಕರು ಹೇಳಿದ ಅಳತೆಯೇ ಕ್ಷೇಮ.

ಅಳತೆಯ ಪಕ್ಕದಲ್ಲಿ ‘64ಎಸ್’ ಎಂಬಂತಹ ಗುರುತು ಇರುತ್ತದೆ. 64 ಎಂದರೆ ಟಯರು ಹೊರಬಲ್ಲ ಗರಿಷ್ಠ ಭಾರ 280 ಕಿಲೋಗ್ರಾಂ. 57 ಎಂದರೆ 230. 54 ಎಂದರೆ 212. ‘ಎಸ್’ ಅಕ್ಷರ ಗಂಟೆಗೆ 180 ಕಿಲೋಮೀಟರ್, ‘ಪಿ’ 150 ಕಿಲೋಮೀಟರ್ ವೇಗದ ಮಿತಿಯನ್ನು ಸೂಚಿಸುತ್ತವೆ. ಹಿಂದೆ ಒಬ್ಬರನ್ನು ಕೂರಿಸಿ, ಪೆಟ್ಟಿಗೆ ಕಟ್ಟಿ ಹೊರಟರೆ ಹಿಂಚಕ್ರದ ಭಾರ 220 ಕಿಲೋಗ್ರಾಂ ಮುಟ್ಟುವುದು ಸುಲಭ. ಆದುದರಿಂದ ಮೂಲ ಟಯರಿಗಿಂತ ಕಡಿಮೆ ಸೂಚ್ಯಂಕದ್ದನ್ನು ಕೊಳ್ಳಬಾರದು.

ನಾಲ್ಕು ಅಂಕಿಗಳ ಇನ್ನೊಂದು ಗುರುತು ಟಯರಿನ ಜನ್ಮಪತ್ರ. ‘2324’ ಎಂದಿದ್ದರೆ 2024ರ 23ನೆಯ ವಾರದಲ್ಲಿ ತಯಾರಾದದ್ದು. ಗಾಳಿಯ ಆಮ್ಲಜನಕ, ಓಝೋನ್, ಬಿಸಿಲು ಇವುಗಳಿಂದ ಬಳಸದೆ ಇಟ್ಟ ರಬ್ಬರೂ ಕಾಲಕ್ರಮದಲ್ಲಿ ಗಡಸಾಗುತ್ತದೆ, ಬಿರಿಯುತ್ತದೆ. ಅಗ್ಗಕ್ಕೆ ಸಿಗುವ ಹಳೆಯ ದಾಸ್ತಾನಿನ ಬಗ್ಗೆ ಎಚ್ಚರವಿರಲಿ. ತಿರುಗುವ ದಿಕ್ಕಿನ ಬಾಣದ ಗುರುತು, ಐ.ಎಸ್.ಐ. ಮುದ್ರೆ ಇವನ್ನೂ ಗಮನಿಸಿ. ಕಡ್ಡಿಗಳ ಚಕ್ರಕ್ಕೆ ಸಾಮಾನ್ಯವಾಗಿ ಟ್ಯೂಬು ಬೇಕೇ ಬೇಕು. ಟಯರು ಟ್ಯೂಬ್‌ಲೆಸ್ ಆಗಿದ್ದ ಮಾತ್ರಕ್ಕೆ ಚಕ್ರ ಹಾಗಾಗುವುದಿಲ್ಲ.

ಗಾಳಿ ನೋಡುವುದು ಯಾವಾಗ?

ಬೆಳಗ್ಗೆ ಹೊರಡುವ ಮುನ್ನ, ಟಯರು ತಣ್ಣಗಿರುವಾಗ. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 32 ಪಿ.ಎಸ್.ಐ. ಇದ್ದ ಟಯರು ಓಡಿ 57 ಡಿಗ್ರಿಗೆ ಬಿಸಿಯಾದರೆ, ಅನಿಲ ನಿಯಮದ ಪ್ರಕಾರ ಮಾಪಕ ಸುಮಾರು 36.7 ತೋರಿಸುತ್ತದೆ. ಇಲ್ಲಿ ವಾತಾವರಣದ 14.7ನ್ನು ಕೂಡಿಸಿ, ಪರಮ ಒತ್ತಡದಲ್ಲೇ ಲೆಕ್ಕ ಮಾಡಬೇಕೆಂಬುದನ್ನು ವಿದ್ಯಾರ್ಥಿಗಳು ಗಮನಿಸಲಿ. ಹೆಚ್ಚಾಯಿತೆಂದು ಬಿಸಿ ಟಯರಿನ ಗಾಳಿ ಬಿಟ್ಟರೆ ಮರುದಿನ ಬೆಳಗ್ಗೆ ಅದು ಕಡಿಮೆಯಾಗಿರುತ್ತದೆ.

ಮಾಡಿ ನೋಡಿ

ಶಿಕ್ಷಕರು ಇದನ್ನು ಪ್ರಯೋಗವಾಗಿಸಬಹುದು. ಬೈಕನ್ನು ನಡುಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಹಿಂದಿನ ಟಯರಿಗೆ ಸೀಮೆಸುಣ್ಣದ ಪುಡಿ ಬಳಿಯಿರಿ. ಕಪ್ಪು ಕಾಗದದ ಮೇಲೆ ಚಕ್ರ ಇಳಿಸಿ, ಇಬ್ಬರು ಬೈಕನ್ನು ಬಿಗಿಯಾಗಿ ಹಿಡಿದಿರಲಿ. ಮತ್ತೆ ಎತ್ತಿ, ಮೂಡಿದ ಅಚ್ಚನ್ನು ಗ್ರಾಫ್ ಕಾಗದಕ್ಕೆ ನಕಲು ಮಾಡಿ ಚೌಕಗಳನ್ನು ಎಣಿಸಿರಿ. ಭಾರವನ್ನು ಒತ್ತಡದಿಂದ ಭಾಗಿಸಿ ಪಡೆದ ಉತ್ತರದೊಡನೆ ಹೋಲಿಸಿರಿ. ವರ್ನಿಯರ್ ಕ್ಯಾಲಿಪರಿನ ಆಳ ಅಳೆಯುವ ಕಡ್ಡಿಯಿಂದ ಕಾಲುವೆಯ ಆಳವನ್ನು ಮಧ್ಯದಲ್ಲೂ ಅಂಚುಗಳಲ್ಲೂ ಅಳೆಯಿರಿ. ಕಾಲುವೆಯ ತಳದಲ್ಲಿರುವ ಸವೆತ ಸೂಚಕದ ದಿಣ್ಣೆಯ ಮಟ್ಟಕ್ಕೆ ರಬ್ಬರು ಇಳಿದಿದ್ದರೆ ಆ ಟಯರಿನ ಆಯುಸ್ಸು ಮುಗಿದಂತೆ.

ಒಟ್ಟಿನಲ್ಲಿ, ನಾವು ನಿಜವಾಗಿ ಓಡಾಡುವ ದಾರಿ, ಹೊರುವ ಭಾರ, ಸರಿಯಾದ ಅಳತೆ, ತಯಾರಾದ ದಿನಾಂಕ, ಗಾಳಿಯ ಒತ್ತಡ: ಈ ಐದನ್ನು ನೋಡಿ ಟಯರು ಕೊಳ್ಳಬೇಕು. ಹೊಸ ಟಯರಿನ ಮೇಲ್ಮೈ ನುಣುಪಾಗಿರುವುದರಿಂದ ಮೊದಲ ನೂರಿನ್ನೂರು ಕಿಲೋಮೀಟರ್ ನಿಧಾನವಾಗಿ ಓಡಿಸಬೇಕು. ಸಾಧ್ಯವಾದರೆ ಈ ಕೆಲಸ ಮೇ ತಿಂಗಳಲ್ಲೇ, ಮೊದಲ ಮಳೆ ಬೀಳುವ ಮುನ್ನ ಮುಗಿದಿರಲಿ.