ಕಾಲೂರದೆ ಗೆದ್ದವರು

ಮೋಟಾರ್‌ಸೈಕಲ್ ಟ್ರಯಲ್ಸ್‌ನಲ್ಲಿ ಮುಖ್ಯವಾದದ್ದು ವೇಗವಲ್ಲ, ಸಮತೋಲನ. ಬಂಡೆ, ತೊರೆ, ಕಡಿದಾದ ದಿಬ್ಬಗಳನ್ನು ನೆಲಕ್ಕೆ ಕಾಲೂರದೆ ದಾಟಬೇಕು. ಒಮ್ಮೆ ಕಾಲೂರಿದರೆ 1 ದಂಡದ ಅಂಕ, ಬಿದ್ದರೆ 5. ಕಡಿಮೆ ಅಂಕ ಪಡೆದವರೇ ಗೆದ್ದಂತೆ. ಸ್ಪೇನ್‌ನ ಲಾಯಾ ಸಾನ್ಸ್ 2000ರಿಂದ 2013ರ ನಡುವೆ ಇದರಲ್ಲಿ 13 ಬಾರಿ ಮಹಿಳಾ ವಿಶ್ವ ಚಾಂಪಿಯನ್ ಆದರು; ಕೈತಪ್ಪಿದ್ದು 2007ರಲ್ಲಿ ಮಾತ್ರ.

ಸ್ಪರ್ಧಿಗಳೇ ವಿರಳವಾದ ವಿಭಾಗದಲ್ಲಿ ಈ ಗೆಲುವಿಗೆಷ್ಟು ತೂಕ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಸಾನ್ಸ್ ಅಲ್ಲಿಗೇ ನಿಲ್ಲಲಿಲ್ಲ. ದುರ್ಗಮ ದಾರಿಗಳ ದೀರ್ಘ ಬೈಕ್ ಸ್ಪರ್ಧೆಯಾದ ಎಂಡ್ಯೂರೋದಲ್ಲೂ ವಿಶ್ವ ಪ್ರಶಸ್ತಿಗಳನ್ನು ಗೆದ್ದರು. ಗಂಡಸರೂ ಹೆಂಗಸರೂ ಒಂದೇ ಪಟ್ಟಿಯಲ್ಲಿ ಸೆಣಸುವ, ಆಗ ದಕ್ಷಿಣ ಅಮೆರಿಕದಲ್ಲಿ ನಡೆಯುತ್ತಿದ್ದ ಡಕಾರ್ ರ‍್ಯಾಲಿಯಲ್ಲಿ, 2015ರಲ್ಲಿ, ಬೈಕ್ ಸವಾರರ ನಡುವೆ 9ನೆಯವರಾದರು. ತೋಳ್ಬಲವೇ ಎಲ್ಲವೂ ಆಗಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಕ್ಲಚ್ಚು, ಆಕ್ಸಿಲರೇಟರುಗಳ ಮೇಲೆ ಟ್ರಯಲ್ಸ್ ಕಲಿಸಿದ ಸೂಕ್ಷ್ಮ ಹಿಡಿತವೇ ದಕ್ಷಿಣ ಅಮೆರಿಕದ ಮರಳುಗಾಡಿನಲ್ಲೂ ಅವರ ಕೈಹಿಡಿಯಿತು ಎಂದೇ ನನ್ನ ನಂಬಿಕೆ.